ಮುಟ್ಟಿನ ರವಿಕೆ

ಶೃತಿ ಕೈ ಎತ್ತಲಿಲ್ಲ.

ನಾನು ಟೇಪು ಹಿಡಿದು ನಿಂತಿದ್ದೆ. ರವಿಕೆಗೆ ಅಳತೆ ಕೊಡುವವಳು ಎರಡೂ ತೋಳು ಎತ್ತಲೇಬೇಕು, ಇಲ್ಲದಿದ್ದರೆ ಎದೆಯ ಸುತ್ತಳತೆ ಸಿಗುವುದಿಲ್ಲ. ಎತ್ತೇ ಹುಡುಗಿ ಅಂದೆ. ಅವಳು ತೋಳನ್ನು ಪಕ್ಕೆಗೆ ಇನ್ನೂ ಬಿಗಿಯಾಗಿ ಒತ್ತಿಕೊಂಡಳು. ನನಗೆ ಸಿಟ್ಟು ಬಂತು. ಹಗಲೆಲ್ಲ ಮಿಲ್ಲಿನಲ್ಲಿ ಶೇಂಗಾ ಬೀಜ ಆರಿಸಿ ಸೊಂಟ ಬಿದ್ದುಹೋಗಿದೆ, ಮನೆಗೆ ಬಂದು ಇವಳಿಗೆ ಹೊಲಿಯೋಕೆ ಕೂತರೆ ಇವಳದೊಂದು ಬಿನ್ನಾಣ ಅಂತ ಬೈದೆ. ಕೈ ಹಿಡಿದು ನಾನೇ ಎತ್ತಲು ಹೋದೆ. ಅವಳು ಹಲ್ಲು ಕಚ್ಚಿ, ಕಣ್ಣು ಮುಚ್ಚಿ, ಗೋಡೆಗೆ ಬೆನ್ನು ಕೊಟ್ಟು ಕುಸಿದು ಕೂತಳು.

"ಕೈ ಎತ್ತು ಅನ್ನಬ್ಯಾಡ ಅತ್ತೆ," ಅಂದಳು. "ಅವ್ನೂ ಹಂಗೇ ಅಂತಾನೆ."

ಅವನು ಯಾರು ಅಂತ ನಾನು ಕೇಳಬೇಕಾಗಿರಲಿಲ್ಲ. ದಿನಾ ಸಂಜೆ ಅವನು ನನಗೂ ಅದನ್ನೇ ಹೇಳುತ್ತಿದ್ದ.

ಶೃತಿ ನನ್ನ ಅಣ್ಣ ಕ್ಯಾತಣ್ಣನ ಮಗಳು. ಪಿಯುಸಿಯಲ್ಲಿ ಇಂಗ್ಲಿಷು ಹೋಯಿತು. ಮತ್ತೆ ಕಟ್ಟುತ್ತೀನಿ ಅಂದಳು. ಕಟ್ಟೋದು ಕಟ್ಟು, ಅಲ್ಲಿವರೆಗೆ ಮನೇಲಿ ಕೂತು ಏನು ಮಾಡ್ತೀಯಾ ಅಂತ ನಾನೇ ಅವಳನ್ನು ಚಳ್ಳಕೆರೆಯ ಮಿಲ್ಲಿಗೆ ಕರೆದುಕೊಂಡು ಹೋಗಿದ್ದೆ. ಆಗ ಹಟ್ಟಿಗೆ ಫೋನು ಬಂದಿರಲಿಲ್ಲ, ಟೆಂಪೋ ಮಾತ್ರ ಬರುತ್ತಿತ್ತು. ನನ್ನಿವಾಳದ ಕಡೆಯಿಂದ ಬರುವ ಟೆಂಪೋದಲ್ಲಿ ನಾವು ಹಟ್ಟಿಯ ಹೆಂಗಸರೆಲ್ಲ ನಿಂತುಕೊಂಡೇ ಹೋಗುತ್ತಿದ್ದೆವು. ಬೆಳಿಗ್ಗೆ ಮೊರ ಹಿಡಿದು ಕೂತರೆ ಸಂಜೆವರೆಗೆ ಏಳುವಂತಿಲ್ಲ. ಗಟ್ಟಿ ಬೀಜ ಒಂದು ಕಡೆ, ಒಡಕು ಒಂದು ಕಡೆ, ಬೂಷ್ಟು ಹಿಡಿದದ್ದು ಇನ್ನೊಂದು ಕಡೆ. ಮಿಷನ್ನಿನಿಂದ ಹಾರುವ ಸಿಪ್ಪೆಯ ಧೂಳು ಮೂಗಿಗೆ, ಕಿವಿಗೆ, ಕಣ್ಣಿಗೆ. ಸಂಜೆ ಉಗುಳಿದರೆ ಉಗುಳು ಕೆಂಪು. ಉಚ್ಚೆಗೆ ಹೋಗಬೇಕಾದರೂ ಹಮಾಲರ ಮುಂದೆ ಹಾದು ಗೋದಾಮಿನ ಹಿಂದಕ್ಕೆ ಹೋಗಬೇಕು. ಅದಕ್ಕೇ ನಾವು ಹಗಲು ನೀರೇ ಕುಡಿಯುತ್ತಿರಲಿಲ್ಲ.

ಇಷ್ಟೆಲ್ಲ ಆದಮೇಲೆ ಗೇಟು.

ಹೆಂಗಸರು ಮಡಿಲಲ್ಲಿ ಬೀಜ ಕಟ್ಟಿಕೊಂಡು ಹೋಗುತ್ತಾರೆ ಅಂತ ಸಾಹುಕಾರ ಚಿಕ್ಕಬಸಪ್ಪನಿಗೆ ಯಾರೋ ಹೇಳಿದ್ದರಂತೆ. ಯಾರೋ ಒಬ್ಬಳು ಮಗುವಿಗೆ ಅಂತ ಒಂದು ಹಿಡಿ ಕಟ್ಟಿಕೊಂಡು ಹೋಗಿರಬಹುದು. ನಾನು ಇಲ್ಲ ಅನ್ನುವುದಿಲ್ಲ. ಹಮಾಲರು ಜೇಬು ತುಂಬ ಬೀಜ ಹಾಕಿಕೊಂಡು ಮೆಲ್ಲುತ್ತಾ ಹೋಗುತ್ತಾರೆ, ಅವರನ್ನು ಯಾವ ನಾಯಿಯೂ ತಡೆಯುವುದಿಲ್ಲ. ನಮ್ಮನ್ನು ಸಾಲಾಗಿ ನಿಲ್ಲಿಸುತ್ತಾರೆ. ಕೈ ಎತ್ತು ಅನ್ನುತ್ತಾರೆ. ಮೊದಲು ಮಡಿಲು ಕೊಡವಿಸುತ್ತಾರೆ. ಆಮೇಲೆ ಸೊಂಟ. ಆಮೇಲೆ ರವಿಕೆ. ನನ್ನಂಥ ವಯಸ್ಸಾದವರಿಗೆ ಸೊಂಟಕ್ಕೇ ಮುಗಿಯುತ್ತದೆ. ಹುಡುಗಿಯರಿಗೆ ಮುಗಿಯುವುದಿಲ್ಲ. ಕಳ್ಳಿಯರು ಎಲ್ಲಿ ಬಚ್ಚಿಡ್ತಾರೆ ಅಂತ ನಮಗೆ ಗೊತ್ತಿಲ್ವಾ ಅಂತ ಗೇಟಿನವನು ನಗುತ್ತಾನೆ, ಲಾರಿ ಮೇಲೆ ಕೂತ ಹಮಾಲರೂ ನಗುತ್ತಾರೆ.

ಆ ಗೇಟಿನವನು ಬೇರೆ ಯಾರೋ ಆಗಿದ್ದರೆ ಹಟ್ಟಿಗೆ ಹೋಗಿ ಹೇಳಬಹುದಿತ್ತು. ಅವನು ಬೊಮ್ಮಲಿಂಗಪ್ಪ. ನಮ್ಮ ಹಟ್ಟಿಯವನೇ. ನಮ್ಮ ಬೆಡಗಿನವನೇ, ಒಂದೇ ಕುಲ. ದೇವರ ಪೂಜೆ ಅವನ ಮನೆತನದ್ದು. ಕೈಯಲ್ಲಿ ದೇವರ ಬೆಳ್ಳಿ ಕಡಗ. ಸಂಜೆ ಮಿಲ್ಲಿನಿಂದ ಬಂದು, ಕೈಕಾಲು ತೊಳೆದು, ಅದೇ ಕೈಯಲ್ಲಿ ಗುಡಿಯ ದೀಪ ಹಚ್ಚುತ್ತಾನೆ. ನನಗೆ ವರಸೆಯಲ್ಲಿ ಅಣ್ಣ. ಶೃತಿಗೆ ದೊಡ್ಡಪ್ಪ. ಅವಳು ಚಿಕ್ಕವಳಿದ್ದಾಗ ಅವನ ಹೆಗಲ ಮೇಲೆ ಕೂತು ಕುರಿ ಮಂದೆಗೆ ಹೋಗಿದ್ದಳು.

ಅವತ್ತು ಗೋಡೆಗೆ ಒರಗಿ ಕೂತವಳು ಇಷ್ಟೇ ಹೇಳಿದಳು: ನಾನು ಮಿಲ್ಲು ಬಿಡಲ್ಲ, ಬಿಟ್ಟರೆ ಅಪ್ಪ ಮದುವೆ ಮಾಡ್ತಾನೆ, ನಾನು ಪರೀಕ್ಷೆ ಕಟ್ಟಬೇಕು. ಆದರೆ ಅವನು ಮುಟ್ಟಬಾರದು, ಏನಾದ್ರೂ ಮಾಡು ಅತ್ತೆ.

ಏನಾದರೂ ಮಾಡು ಅಂದರೆ ನನಗೆ ಬರುವುದು ಹೊಲಿಗೆ ಒಂದೇ.

ಗಂಡ ಬಿಟ್ಟ ಮೇಲೆ ಮೊಳಕಾಲ್ಮೂರಿಗೆ ಹೋಗಿ ಹೊಲಿಗೆ ಕಲಿತವಳು ನಾನು. ರೇಷ್ಮೆ ಸೀರೆಗೆ ರವಿಕೆ ಹೊಲಿಯುವ ಕೇಂದ್ರ ಅದು. ಅಲ್ಲಿನ ಮೇಡಂ ಕಪ್ಪು ಹಲಗೆ ಮೇಲೆ ಡಿಸೈನು ಬರೆಸುತ್ತಿದ್ದರು. ದೋಣಿ ಕತ್ತು, ಮಡಕೆ ಕತ್ತು, ಬೆನ್ನಿಗೆ ಲಾಡಿ. ಉಚ್ಚಂಗೆಮ್ಮಾ, ಡಿಸೈನು ಅಂದ್ರೆ ಹೆಣ್ಣಿನ ಚೆಂದ ಎತ್ತಿ ತೋರಿಸೋದು ಅನ್ನುತ್ತಿದ್ದರು. ಒಳ್ಳೆಯ ಹೆಂಗಸು ಪಾಪ. ಹೆಣ್ಣಿನ ಮೈಗೆ ಕೈ ಬರದಂತೆ ಮಾಡುವ ಡಿಸೈನು ಯಾವುದು ಅಂತ ಅವರಿಗೂ ಗೊತ್ತಿರಲಿಲ್ಲ, ಅವರು ಹೇಳಿಕೊಡಲಿಲ್ಲ.

ನಾನೇ ಶುರು ಮಾಡಿದೆ. ಕತ್ತನ್ನು ಗಂಟಲವರೆಗೆ ಏರಿಸಿದೆ. ಮುಂದಿನ ಹುಕ್ಕುಗಳ ನಡುವೆ ಟಿಚ್ ಬಟನ್ ಇಟ್ಟು, ಮೇಲೆ ಇನ್ನೊಂದು ಮಡಿಕೆ ಬಟ್ಟೆ ಹೊಲಿದೆ. ಬೊಮ್ಮಲಿಂಗಪ್ಪ ಕೆಳಗಿನಿಂದ ಕೈ ಹಾಕಿದ. ಕೆಳಗೆ ಬಿಗಿ ಪಟ್ಟಿ ಕೊಟ್ಟೆ. ಶೃತಿ ಉಸಿರಾಡಲು ಆಗದೆ ಮೊರದ ಮುಂದೆ ತಲೆ ತಿರುಗಿ ಬಿದ್ದಳು, ನೀರು ತಟ್ಟಿ ಎಬ್ಬಿಸಿದೆವು. ಆಮೇಲೆ ಸೀರೆ ಮೇಲೆ ಹಾಕಿಕೊಳ್ಳುವ ಉದ್ದನೆ ಅಂಗಿ ಹೊಲಿದೆ. ಹೊರಡುವಾಗ ಅದನ್ನು ಬಿಚ್ಚಿ ಅವನ ಮುಂದೆ ಕೊಡವಿಬಿಟ್ಟರೆ ಆಯಿತು, ಮುಟ್ಟುವ ಮಾತೇ ಇಲ್ಲ ಅಂದುಕೊಂಡೆ. ಸಾಹುಕಾರನಿಗೆ ಅದು ಬಹಳ ಹಿಡಿಸಿತು. ಸೀರೆಗೆ ಎಣ್ಣೆ ಹತ್ತಲ್ಲ, ಎಲ್ರೂ ಹಿಂಗೇ ಹಾಕ್ಕೊಂಡು ಬನ್ನಿ ಅಂದ. ಬೊಮ್ಮಲಿಂಗಪ್ಪ ಅಂಗಿಯನ್ನು ಕೊಡವಿಸಿದ, ಆಮೇಲೆ ಕೈ ಎತ್ತು ಅಂದ. ಅಂಗಿ ಬಂದಿದ್ದಕ್ಕೆ ಮುಟ್ಟುವ ಮೊದಲು ಬಿಚ್ಚಿಸುವ ಕೆಲಸವೊಂದು ಅವನಿಗೆ ಹೆಚ್ಚಾಯಿತು ಅಷ್ಟೇ. ಎಂಥ ದರಿದ್ರ ಬುದ್ಧಿ ನನ್ನದು ಅಂತ ಆ ಬಟ್ಟೆಯನ್ನು ಕತ್ತರಿಯಲ್ಲಿ ಚಿಂದಿ ಮಾಡಿದೆ.

ದಾರಿ ತೋರಿಸಿದ್ದು ನಿಂಗಕ್ಕ. ಅದೂ ಬೇಕಂತ ಅಲ್ಲ.

ನಿಂಗಕ್ಕ ನನ್ನ ಪಕ್ಕದಲ್ಲೇ ಕೂತು ಬೀಜ ಆರಿಸುವವಳು. ಅವತ್ತು ಸಾಲಿನಲ್ಲಿ ಅವಳು ಶೃತಿಗಿಂತ ಮುಂದಿದ್ದಳು. ಅವನು ಕೈ ಚಾಚಿದ್ದಕ್ಕೆ, ನಾನು ಮುಟ್ಟಾಗಿದೀನಿ ಕಣಣ್ಣ, ಈಗ ತಾನೆ ಆಯ್ತು ಅಂದಳು. ಅವಳು ಸುಮ್ಮನೆ ಇದ್ದದ್ದನ್ನು ಹೇಳಿದಳು. ಬೊಮ್ಮಲಿಂಗಪ್ಪನ ಕೈ ಕೆಂಡ ತಾಗಿದಂತೆ ಹಿಂದಕ್ಕೆ ಹೋಯಿತು. ಎರಡು ಹೆಜ್ಜೆ ಹಿಂದೆ ಸರಿದ. ಹೋಗು ಹೋಗು ಅಂದ. ಮಡಿಲೂ ನೋಡಲಿಲ್ಲ. ಮುಟ್ಟಾದವಳನ್ನು ಮುಟ್ಟಿದ ಕೈ ದೀಪ ಹಚ್ಚುವಂತಿಲ್ಲ. ದೇವರು ಸುಮ್ಮನಿರುವುದಿಲ್ಲ.

ನಾವು ಟೆಂಪೋದಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಬಹಳ ದಿನದ ಮೇಲೆ ನಗು ಬಂತು. ಮುಟ್ಟಾದಾಗ ಹಟ್ಟಿಯ ಮುಳ್ಳುಬೇಲಿಯ ಆಚೆ ಹುಲ್ಲಿನ ಗುಡ್ಲಲ್ಲಿ ಕೂರಿಸಿ, ನಾಯಿಗೆ ಎಸೆದಂತೆ ಮುದ್ದೆ ಎಸೆಯುತ್ತಾರೆ. ಆ ಗುಡ್ಲಲ್ಲಿ ನನಗೆ ಚೇಳು ಕಡಿದಿದೆ. ನಿಂಗಕ್ಕ ಅಲ್ಲೇ ಹೆತ್ತ ಮಗುವನ್ನು ಕಳೆದುಕೊಂಡಿದ್ದಾಳೆ. ಆ ಹಾಳು ಮುಟ್ಟಿನ ಶನಿಯೇ ಮಿಲ್ಲಿನ ಗೇಟಿನಲ್ಲಿ ನಮ್ಮನ್ನು ಕಾಯಿತು ಅಂದರೆ ನಗದೆ ಏನು ಮಾಡುವುದು?

ಮಾರನೆ ದಿನದಿಂದ ಎಲ್ಲರೂ ಮುಟ್ಟಾದರು. ಹುಡುಗಿಯರು ಮೊದಲು, ಆಮೇಲೆ ಮುಟ್ಟು ನಿಂತ ಮುದುಕಿಯರೂ. ಬೊಮ್ಮಲಿಂಗಪ್ಪ ದಡ್ಡನಲ್ಲ. ಅವನಿಗೆ ಸುಳ್ಳು ಅಂತ ಗೊತ್ತಾಯಿತು. ಯಾವುದು ಸುಳ್ಳು, ಯಾವುದು ನಿಜ ಅಂತ ಗೊತ್ತಾಗಲಿಲ್ಲ. ಒಬ್ಬಳಾದರೂ ನಿಜವಾಗಿ ಆಗಿದ್ದರೆ? ಅದಕ್ಕೆ ಹೊಸ ಆಟ ಹೂಡಿದ. ಗಟ್ಟಿಯಾಗಿ ಹೇಳು, ನಂಗೆ ಕೇಳಿಸ್ಲಿಲ್ಲ ಅನ್ನುತ್ತಿದ್ದ. ಶೃತಿ ಹಮಾಲರ ಮುಂದೆ, ಲಾರಿ ಡ್ರೈವರುಗಳ ಮುಂದೆ, ನಾನು ಮುಟ್ಟಾಗಿದೀನಿ ಅಂತ ಕೂಗಿ ಹೇಳಬೇಕು. ಯಾವತ್ತಿಂದ ಅಂತ ಅವನು ಕೇಳುತ್ತಾನೆ. ಅದನ್ನೂ ಕೂಗಿ ಹೇಳಬೇಕು. ಹಮಾಲರು ಸಿಳ್ಳೆ ಹಾಕುತ್ತಾರೆ. ಮನೆಗೆ ಬಂದು ಶೃತಿ ಊಟ ಬಿಟ್ಟಳು. ಕೈ ಹಾಕಿಸಿಕೊಳ್ಳೋದೇ ವಾಸಿ ಇತ್ತು ಅತ್ತೆ ಅಂದಳು.

ಬಾಯಲ್ಲಿ ಹೇಳದೆ ಬಟ್ಟೆಯಲ್ಲಿ ಹೇಳಿದರೆ ಹೇಗೆ ಅಂತ ಹೊಳೆದದ್ದು ಆಗ.

ಭಾನುವಾರ ಮೊಳಕಾಲ್ಮೂರಿನ ಬಸ್ಸು ಹತ್ತಿದೆ. ನಾನು ಕಲಿಯುವಾಗ ಬಾಡಿಗೆಗಿದ್ದ ಮನೆಯ ಸುಲೋಚನಮ್ಮ ಮಗ್ಗದ ಮನೆಗಳಿಂದ ತುಂಡು ಅಂಚು ತಂದು ಮಾರುತ್ತಾಳೆ. ಸೀರೆಗೆ ಸೇರದ, ಎಳೆ ತಪ್ಪಿದ ಅಂಚು. ಕಪ್ಪು ರೇಷ್ಮೆಯದು ಎಷ್ಟಿದ್ದರೆ ಅಷ್ಟೂ ಕೊಡು ಅಂದೆ. ಎಂದುಕಮ್ಮಾ ಇನ್ನಿ, ಇಷ್ಟೊಂದು ಯಾಕೆ, ಕಪ್ಪು ಯಾರಮ್ಮ ತಗೋತಾರೆ ಮಂಗಳಕ್ಕೆ ಅಂತ ತೆಲುಗು ಕನ್ನಡ ಕಲೆಸಿ ಕೇಳಿದಳು. ಮಂಗಳಕ್ಕಲ್ಲ ಅಂದೆ. ಆ ಉತ್ತರವೇ ಸಾಕು ಅನ್ನುವಂತೆ ಒಂದು ಗಂಟು ಕಟ್ಟಿ ಕೊಟ್ಟಳು.

ಎಡತೋಳಿನ ಕೊನೆಗೆ, ಎರಡು ಬೆರಳಗಲ, ಕಪ್ಪು ಪಟ್ಟಿ. ಪಟ್ಟಿ ಇದ್ದರೆ ಹೊರಗಾಗಿದ್ದಾಳೆ, ಮುಟ್ಟಾಗಿದ್ದಾಳೆ ಅಂತ ಅರ್ಥ. ಬಾಯಿ ಬಿಡಬೇಕಿಲ್ಲ, ಲಾರಿ ಡ್ರೈವರಿಗೆ ತಿಳಿಯಬೇಕಿಲ್ಲ. ಮಿಲ್ಲಿಗೆ ಬರುವ ಅಷ್ಟೂ ಹೆಂಗಸರ ರವಿಕೆಗೆ ಹೊಲಿದೆ. ಬೇರೆ ಜಾತಿಯ ಹೆಂಗಸರೂ ಬಂದು ಕೇಳಿದರು, ಅವರಿಗೂ ಹೊಲಿದೆ. ಹೊಲಿದು ಹೊಲಿದು ಹೆಬ್ಬೆರಳಿನ ಉಗುರು ಕಿತ್ತುಬಂತು. ಮೇಡಂ ನೋಡಿದ್ದರೆ ಮೆಚ್ಚುತ್ತಿದ್ದರೋ ಏನೋ, ಕೆಂಪು ರವಿಕೆಗೂ ಹಸಿರು ರವಿಕೆಗೂ ಒಪ್ಪುವಂತೆ ಕೂರಿಸಿದ್ದೆ.

ನಿಂಗಕ್ಕ ಗೇಟಿನಲ್ಲಿ ತೋಳು ಮುಂದೆ ಮಾಡಿ, ಇದು ಇದ್ರೆ ಹೊರಗಾಗಿದೀವಿ ಅಂತ ತಿಳ್ಕೊಳಣ್ಣ, ದೇವರ ಕೈ, ಮೈಲಿಗೆ ಆದೀತು ಅಂದಳು. ಅವನ ಮುಖ ನೋಡಬೇಕಿತ್ತು. ಸಾಲಿನ ಈ ತುದಿಯಿಂದ ಆ ತುದಿವರೆಗೆ ಕಪ್ಪು ಪಟ್ಟಿ. ಕೆಮ್ಮಿದ, ಕಡಗ ತಿರುಗಿಸಿಕೊಂಡ, ದೂರದಿಂದ ಮಡಿಲು ಕೊಡವಿಸಿ ಬಿಟ್ಟ. ಶೃತಿ ಟೆಂಪೋದಲ್ಲಿ ಇಂಗ್ಲಿಷು ಪುಸ್ತಕ ತೆಗೆದು ಓದಲು ಶುರು ಮಾಡಿದಳು. ಧೂಳಿನ ನಡುವೆಯೂ ಅವಳ ಮುಖಕ್ಕೆ ಕಳೆ ಬಂತು. ನನಗೆ ಆ ದಿನಗಳಲ್ಲಿ ಬಹಳ ಕೊಬ್ಬು ಬಂದಿತ್ತು. ಗೆದ್ದೆ ಅಂದುಕೊಂಡಿದ್ದೆ.

ಒಂದು ಸಂಜೆ ಟೆಂಪೋ ಇಳಿದು ಬಂದರೆ ಬೇಲಿಯ ಬಾಯಿಗೆ ಅಡ್ಡ ಮುಳ್ಳುಕಂಟಿ ಎಳೆದಿದ್ದರು. ಒಳಗೆ ಹಟ್ಟಿಯ ಗಂಡಸರೆಲ್ಲ ನಿಂತಿದ್ದರು. ಹಟ್ಟಿಯ ಯಜಮಾನನ ಪಕ್ಕ ಬೊಮ್ಮಲಿಂಗಪ್ಪ. ಅವನು ಸೈಕಲ್ಲಿನಲ್ಲಿ ನಮಗಿಂತ ಮೊದಲೇ ಬಂದು, ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿ ತಯಾರಾಗಿದ್ದ.

ಯಜಮಾನ ನಮ್ಮ ತೋಳುಗಳನ್ನು ನೋಡಿದ. ಈ ಪಟ್ಟಿ ಇದ್ರೆ ಹೊರಗಾಗಿದ್ದೀರಿ ಅಂತ ನೀವೇ ಹೇಳಿದ್ದೀರಂತೆ, ಹೌದಾ ಅಲ್ವಾ ಅಂತ ಕೇಳಿದ. ಹೌದು ಅಂದರೆ, ಇಷ್ಟು ದಿನ ಹೊರಗಾದವರು ಒಳಗೆ ಬಂದು ಒಲೆ ಮುಟ್ಟಿದ್ದೀರಿ, ನೀರು ಮುಟ್ಟಿದ್ದೀರಿ, ಹಟ್ಟಿಗೆ ಹಟ್ಟಿಯೇ ಮೈಲಿಗೆ. ಅಲ್ಲ ಅಂದರೆ, ಗೇಟಿನಲ್ಲಿ ಸುಳ್ಳು ಹೇಳಿ ತಪ್ಪಿಸಿಕೊಂಡ ಕಳ್ಳಿಯರು ನೀವು, ಬೊಮ್ಮಲಿಂಗಪ್ಪ ನಾಳೆ ಸಾಹುಕಾರನಿಗೆ ಹೇಳ್ತಾನೆ. ಯಾವುದು ಬೇಕು ಆರಿಸಿಕೊಳ್ಳಿ ಅಂದ. ಹಗಲೆಲ್ಲ ಬೀಜ ಆರಿಸಿ ಬಂದವರಿಗೆ ಅದನ್ನೂ ಆರಿಸಲು ಹೇಳಿದ.

ಪಟ್ಟಿ ಯಾಕೆ ಹಾಕಿಕೊಂಡಿರಿ ಅಂತ ಒಬ್ಬ ಗಂಡಸೂ ಕೇಳಲಿಲ್ಲ. ನನ್ನ ಅಣ್ಣ ಕ್ಯಾತಣ್ಣ ಕೋಲಿಗೆ ಗಲ್ಲ ಊರಿ ನಿಂತಿದ್ದ. ಅವನೂ ಕೇಳಲಿಲ್ಲ.

ನಾನೇ ಹೇಳಿದೆ. ಬೇಲಿಯ ಹೊರಗೆ ನಿಂತು, ಎಲ್ಲ ಹೇಳಿದೆ. ಯಾವ ಕೈ, ಎಲ್ಲಿ ಹೋಗುತ್ತದೆ, ಯಾರ ಮೈ ಮೇಲೆ ಅಂತ ಬಿಚ್ಚಿ ಹೇಳಿದೆ. ಶೃತಿಯ ಹೆಸರನ್ನೂ ಹೇಳಿದೆ. ಈ ಕೈ ದಿನಾ ಒಳಗೆ ಬಂದು ದೀಪ ಹಚ್ತೈತಲ್ಲ, ಆಗ ನಿಮ್ಮ ಹಟ್ಟಿಗೆ ಮೈಲಿಗೆ ಆಗ್ಲಿಲ್ವಾ ಅಂತ ಕೇಳಿದೆ. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಕ್ಯಾತಣ್ಣ ತಲೆ ಎತ್ತಿ ಮಗಳನ್ನು ನೋಡಿದ, ಬೊಮ್ಮಲಿಂಗಪ್ಪನನ್ನು ನೋಡಿದ, ಮತ್ತೆ ನೆಲ ನೋಡಿದ. ಅವನ ಆ ನೆಲ ನೋಡಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಯಜಮಾನ ಬೀಡಿ ಎಸೆದ. ಆಮೇಲೆ ಹೇಳಿದ.

"ಅದು ಮಿಲ್ಲಿನ ಮಾತು ಕಣಮ್ಮ. ಹಟ್ಟಿ ಮಾತಲ್ಲ. ನೀನು ಹಟ್ಟಿ ಮಾತಿಗೆ ಉತ್ರ ಕೊಡು."

ಅಷ್ಟೇ. ನಾನು ಹೇಳಿದ್ದೆಲ್ಲ ಮುಗಿದು ಹೋಯಿತು. ತೀರ್ಪು ಆಯಿತು: ಪಟ್ಟಿಯನ್ನು ಎಲ್ಲರ ಎದುರಿಗೆ ಕಿತ್ತು ಬೆಂಕಿಗೆ ಹಾಕಬೇಕು, ಗಂಜಲ ಚಿಮುಕಿಸಿಕೊಂಡು ಒಳಗೆ ಬರಬೇಕು, ಇನ್ನು ಮುಂದೆ ಹೊರಗಾಗದೆ ಹೊರಗಾದೆ ಅಂದವಳಿಗೆ ಹಟ್ಟಿಯಲ್ಲಿ ಜಾಗವಿಲ್ಲ. ಕಂಟಿಯ ಆಚೆ ಮಕ್ಕಳು ಅವ್ವಾ ಅವ್ವಾ ಅಂತ ಅಳುತ್ತಿದ್ದವು. ಒಬ್ಬಳ ಎದೆ ಹಾಲು ಸೋರಿ ರವಿಕೆ ಒದ್ದೆಯಾಗಿತ್ತು. ಎಷ್ಟು ಹೊತ್ತು ನಿಂತಾರು ಪಾಪ? ಹಲ್ಲಿನಿಂದ ದಾರ ಕಚ್ಚಿ ಕಿತ್ತರು. ನಾನು ಎರಡು ಹೊಲಿಗೆ ಹಾಕಿದ್ದೆ, ಸುಲಭಕ್ಕೆ ಬರಲಿಲ್ಲ. ತೋಳೇ ಹರಿದುಕೊಂಡವು. ನಿಂಗಕ್ಕ ನನ್ನ ಮುಖ ನೋಡದೆ ಕಿತ್ತು ಹಾಕಿದಳು.

ನಾನು ಕೀಳಲಿಲ್ಲ. ಕೀಳಲ್ಲ ಅಂದೆ. ನೀನಿದ್ರೆಷ್ಟು ಬಿಟ್ರೆಷ್ಟು, ಗುಡ್ಲಲ್ಲೇ ಬಿದ್ದಿರು ಅಂದರು. ಆಯ್ತು ಅಂದೆ.

ಶೃತಿ ನನ್ನ ಪಕ್ಕ ನಿಲ್ಲುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಸೊಂಟದ ಚೀಲದಿಂದ ಕತ್ತರಿ ತೆಗೆದುಕೊಂಡಳು. ತಲೆ ಬಗ್ಗಿಸಿ, ಅವಸರವಿಲ್ಲದೆ, ಒಂದೊಂದೇ ಹೊಲಿಗೆ ಬಿಚ್ಚಿ, ಬಟ್ಟೆ ಹರಿಯದಂತೆ ಪಟ್ಟಿ ತೆಗೆದಳು. ಬೆಂಕಿಗೆ ಹಾಕಿದಳು. ಗಂಜಲ ಹಾಕಿಸಿಕೊಂಡು ಅಪ್ಪನ ಹಿಂದೆ ಒಳಗೆ ನಡೆದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಿನಗೋಸ್ಕರ ಉಗುರು ಕಿತ್ತುಕೊಂಡೆನಲ್ಲೇ ರಂಡೆ ಅಂತ ಅವಳ ಬೆನ್ನಿಗೆ ಬೈದೆ. ಅವಳು ತಿರುಗಿ ನೋಡಲಿಲ್ಲ.

ಮಾರನೆ ದಿನ ಎಲ್ಲರೂ ಕೆಲಸಕ್ಕೆ ಹೋದೆವು. ಹಗಲೆಲ್ಲ ನಾನು ಶೃತಿಯ ಜೊತೆ ಮಾತಾಡಲಿಲ್ಲ. ಹರಿದ ತೋಳಿನ ರವಿಕೆಯವರು ತಲೆ ಎತ್ತದೆ ಬೀಜ ಆರಿಸಿದರು. ಸುದ್ದಿ ತಿಳಿದು ಬೇರೆ ಜಾತಿಯ ಹೆಂಗಸರೂ ಸಂಜೆಯೊಳಗೆ ಪಟ್ಟಿ ಕಿತ್ತುಹಾಕಿದ್ದರು. ಸಂಜೆ ಗೇಟಿನಲ್ಲಿ ಬೊಮ್ಮಲಿಂಗಪ್ಪ ಗತ್ತಿನಲ್ಲಿ ಕುರ್ಚಿ ಬಿಟ್ಟು ಎದ್ದ. ಪಟ್ಟಿ ಇದ್ದವಳು ನಾನೊಬ್ಬಳೇ, ನನಗೆ ಪಕ್ಕಕ್ಕೆ ನಿಲ್ಲು ಅಂದ. ಹಮಾಲರು ಲಾರಿ ಮೇಲೆ ಸರಿಯಾಗಿ ಕೂತುಕೊಂಡರು.

ಸಾಲಿನ ಮುಂದೆ ಶೃತಿ ನಿಂತಿದ್ದಳು. ಯಾವಾಗಲೂ ಕೊನೆಗೆ ನಿಲ್ಲುತ್ತಿದ್ದವಳು.

ಮೊದಲು ಅವಳೇ ಮಡಿಲು ಬಿಚ್ಚಿ ಕೊಡವಿದಳು. ಸಿಪ್ಪೆಯ ಧೂಳು ಬಿತ್ತು. ಮತ್ತೇನೂ ಬೀಳಲಿಲ್ಲ. ಅವನು ಕೈ ಎತ್ತು ಅಂದ. ಅವಳು ಎತ್ತಲಿಲ್ಲ. ಏನು, ಮತ್ತೆ ಹೊರಗಾದೆಯಾ, ನೆನ್ನೆ ಹೇಳಿದ್ದು ಮರೆತು ಹೋಯ್ತಾ ಅಂದ. ಹಮಾಲರಿಗೆ ಕೇಳಲಿ ಅಂತ ಗಟ್ಟಿಯಾಗೇ ಕೇಳಿದ. ಅವಳೂ ಗಟ್ಟಿಯಾಗೇ ಹೇಳಿದಳು.

"ಇಲ್ಲ ದೊಡ್ಡಪ್ಪ. ನಾನು ಮುಟ್ಟಾಗಿಲ್ಲ. ಮುಟ್ಟಬ್ಯಾಡ."

ಬೊಮ್ಮಲಿಂಗಪ್ಪ ಚಾಚಿದ ಕೈ ಹಾಗೇ ಹಿಡಿದುಕೊಂಡು ನಿಂತ. ಅವನಿಗೆ ಸಿಟ್ಟು ಬಂದಿರಲಿಲ್ಲ. ಅದನ್ನು ನಾನು ಪಕ್ಕದಲ್ಲೇ ನಿಂತು ನೋಡಿದೆ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಲೆಕ್ಕ ತಪ್ಪಿದವನಂತೆ ಅವಳ ತೋಳು ನೋಡಿದ, ಪಟ್ಟಿ ಇರಲಿಲ್ಲ. ಮುಖ ನೋಡಿದ.

"ಮುಟ್ಟಾಗಿಲ್ಲ ಅಂದ್ಮ್ಯಾಲೆ," ಅಂತ ಕೇಳಿದ, "ಯಾಕೆ ಮುಟ್ಟಬಾರ್ದು?"

"ಬ್ಯಾಡ ಅಂದ್ನಲ್ಲ, ಅದಕ್ಕೆ."

ಲಾರಿ ಮೇಲೆ ಯಾರೂ ನಗಲಿಲ್ಲ. ಸಾಹುಕಾರ ಆಫೀಸಿನಿಂದ ಹೊರಗೆ ಬಂದು ಏನಿದು ರಂಪ ಅಂತ ಕೇಳಿದ. ಚೆಕ್ ಮಾಡಿಸಿಕೊಳ್ಳದೆ ಒಬ್ಬಳೂ ಹೊರಗೆ ಹೋಗಬಾರದು, ಗೇಟು ಹಾಕು ಅಂದ. ಬೊಮ್ಮಲಿಂಗಪ್ಪ ಗೇಟು ಹಾಕಿ ಬೀಗ ಜಡಿದ. ನಮ್ಮ ಟೆಂಪೋ ಆಚೆ ಹಾರನ್ನು ಹೊಡೆದು ಹೊಡೆದು ಹೊರಟು ಹೋಯಿತು. ಶೃತಿ ಗೇಟಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು. ನಾನು ಹೋಗಿ ಅವಳ ಪಕ್ಕ ಕೂತೆ. ಸ್ವಲ್ಪ ಹೊತ್ತಿನ ಮೇಲೆ ನಿಂಗಕ್ಕ ಬಂದಳು, ಹರಿದ ತೋಳನ್ನು ಮಡಚಿಕೊಂಡು, ಸರಿ ಸ್ವಲ್ಪ ಅಂತ ಜಾಗ ಮಾಡಿಕೊಂಡು ಕೂತಳು. ಉಳಿದವರು ನಿಂತೇ ಇದ್ದರು.